ತಳದ ಹಿಡಿ

ನಿಪ್ಪಾಣಿಯ ತಂಬಾಕಿನ ಪೇಟೆಯಲ್ಲಿ ನಲವತ್ತು ವರ್ಷ ಕಳೆದ ನಮ್ಮ ಕಾಕಾ, ಚೀಲದ ಬಾಯಲ್ಲಿ ಕಂಡ ಮಾಲನ್ನು ಎಂದೂ ನಂಬಿದವರಲ್ಲ. ತಳದವರೆಗೆ ಕೈಯಿಳಿಸಿ ಒಂದು ಹಿಡಿ ತೆಗೆದು, ತಿಕ್ಕಿ, ಮೂಸಿ, ಆಮೇಲೆಯೇ ದರದ ಮಾತು. ಅಂಥವರು ಮೂತ್ರದಲ್ಲಿ ನೋವಿಲ್ಲದೆ ರಕ್ತ ಕಂಡಾಗ ಎರಡು ತಿಂಗಳು ಬೀಡಿ ಸೇದುತ್ತ ಸುಮ್ಮನಿದ್ದರು. ದುರ್ಬೀನು ಹಾಕಿ ನೋಡಿದ ಡಾಕ್ಟರು, ಗಂಟಿನ ತುಣುಕು ತೆಗೆದು ಪರೀಕ್ಷಿಸಬೇಕೆಂದಾಗ, "ಹುತ್ತಕ್ಕ ಕೈ ಹಾಕಬ್ಯಾಡ್ರಿ, ಮಲಗಿದ ಹಾವು ಏಳತೈತಿ" ಎಂದರು. ಇದು ಅವರೊಬ್ಬರ ಮಾತಲ್ಲ. ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡದಿಂದ ನೋಡಲು ಬಂದ ನೆಂಟರೆಲ್ಲ ಇದಕ್ಕೆ ತಲೆದೂಗಿದರು.

ಅರಿಯುವುದಕ್ಕಾಗಿ ದೇಹವನ್ನು ನೋಯಿಸುವುದು ಸರಿಯೆ? ಪ್ರಶ್ನೆಯನ್ನು ಅಜ್ಞಾನವೆಂದು ತಳ್ಳಿಹಾಕುವಂತಿಲ್ಲ. ರಕ್ತಸ್ರಾವ, ಸೋಂಕು, ಅಪರೂಪಕ್ಕೆ ಮೂತ್ರಕೋಶದ ಗೋಡೆ ತೂತಾಗುವುದು, ಎಲ್ಲವೂ ಉಂಟು. ಉತ್ತರ ಏನೇ ಬಂದರೂ ಮುಂದಿನ ಉಪಚಾರ ಬದಲಾಗದೆಂದರೆ, ತುಣುಕು ತೆಗೆಯುವುದು ಬರಿಯ ಕುತೂಹಲವಾದೀತು. ಇಲ್ಲಿ ಹಾಗಲ್ಲ. ಹೊಟ್ಟೆ ಕೊಯ್ಯದೆ ಮೂತ್ರನಾಳದ ದಾರಿಯಲ್ಲೇ ಗಂಟನ್ನು ಕೆರೆದು ತೆಗೆಯುತ್ತಾರೆ. ಪರೀಕ್ಷೆಯೂ ಅದೇ, ಉಪಚಾರದ ಮೊದಲ ಹೆಜ್ಜೆಯೂ ಅದೇ. ರೋಗ ಒಳಪೊರೆಯಲ್ಲೇ ನಿಂತಿದ್ದರೆ ಸಾಮಾನ್ಯವಾಗಿ ಕೋಶವನ್ನು ಉಳಿಸಬಹುದು; ಸ್ನಾಯುವಿಗೆ ಇಳಿದಿದ್ದರೆ ಕೋಶವನ್ನೇ ತೆಗೆಯುವ ಮಾತು ಬರುತ್ತದೆ. ಮೂತ್ರದ ಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ಈ ಆಳವನ್ನು ತುಣುಕಿನಷ್ಟು ಖಚಿತವಾಗಿ ಹೇಳಲಾರವು.

"ಕಾಕಾ, ತಳ ನೋಡದ ಮಾಲು ಎಂದರ ಕೊಂಡೀರೇನ್ರಿ?" ಎಂದೆ. ನಕ್ಕು ಒಪ್ಪಿದರು.

ಮೊದಲ ವರದಿ ಬಂತು: ಕ್ಯಾನ್ಸರ್ ಹೌದು, ಒಳಪೊರೆಯ ಕೆಳಪದರಕ್ಕೆ ಇಳಿದಿದೆ, ಆದರೆ ತುಣುಕಿನಲ್ಲಿ ಸ್ನಾಯುವಿನ ಭಾಗವೇ ಇಲ್ಲ, ಆರು ವಾರದೊಳಗೆ ಮತ್ತೊಮ್ಮೆ ತೆಗೆಯಬೇಕು. ಮನೆಯವರೆಲ್ಲ ಸಿಟ್ಟಾದರು. ನನಗೆ ಮಾತ್ರ ಆ ವರದಿ ಪ್ರಾಮಾಣಿಕವೆನಿಸಿತು. ಕಾಣದ್ದನ್ನು ಕಂಡೆನೆಂದು ಅದು ಹೇಳಿರಲಿಲ್ಲ. ಅಪ್ರಾಮಾಣಿಕರಾದವರು ನಾವು. "ಸಾದಾ ಗಂಟು, ಬೇರು ಉಳಿದೈತಿ" ಎಂದು ಕಾಕಾನಿಗೆ ಹೇಳಿ ಮತ್ತೆ ಮೇಜಿನ ಮೇಲೆ ಮಲಗಿಸಿದೆವು. ಹಾಗೆ ಹೇಳಿದವನು ನಾನೇ.

ಎರಡನೆಯ ತುಣುಕಿನಲ್ಲಿ ಸ್ನಾಯು ಶುದ್ಧವಾಗಿತ್ತು. ಕ್ಷಯದ ಲಸಿಕೆಯಾದ ಬಿಸಿಜಿಯನ್ನು ಮೂತ್ರಕೋಶದೊಳಗೆ ವಾರಕ್ಕೊಮ್ಮೆಯಂತೆ ಆರು ವಾರ ಹಾಕಿದರು. 1976ರಲ್ಲಿ ಮೊದಲು ವರದಿಯಾದ ಉಪಚಾರವಿದು. ಆ ವಾರ್ಡಿನ ಬಾಗಿಲ ಮೇಲಿನ ಹಲಗೆಯನ್ನು ಓದಿ ಕಾಕಾ ಎಲ್ಲವನ್ನೂ ತಿಳಿದುಕೊಂಡರು. ಸಿಟ್ಟಾಗಲಿಲ್ಲ. "ತುಣುಕು ತಗದದ್ದು ನನ್ನ ಮೈಯಿಂದ, ಸುದ್ದಿ ಹ್ಯಾಂಗ ನಿಮ್ಮದಾತು?" ಎಂದಷ್ಟೇ ಕೇಳಿದರು.

ಅರಿವಿಗಾಗಿ ನೋಯಿಸುವುದಕ್ಕೆ ಇರುವ ಸಮರ್ಥನೆ ಒಂದೇ: ಆ ಅರಿವು ನೊಂದವನಿಗೆ ಸೇರಬೇಕು. ಅದನ್ನು ಮುಚ್ಚಿಟ್ಟರೆ ಗಾಯ ಮಾತ್ರ ಅವನ ಪಾಲಿಗೆ ಉಳಿಯುತ್ತದೆ. ಬೀಡಿ ಬಿಟ್ಟ ಕಾಕಾ ಈಗ ಮೂರು ತಿಂಗಳಿಗೊಮ್ಮೆ ತಪಾಸಣೆಗೆ ಹೋಗುತ್ತಾರೆ. ವರದಿಯನ್ನು ಮೊದಲು ತಾವು ಓದಿಸಿ ಕೇಳುತ್ತಾರೆ. ಆಮೇಲೆ ನಮ್ಮ ಕೈಗೆ ಕೊಡುತ್ತಾರೆ.