ಹೊಣೆ ಯಾರದು?

ಗೋಕಾಕ, ಮೂಡಲಗಿ, ಹುಕ್ಕೇರಿಗಳ ಸೀಮೆಯಲ್ಲಿ ಮಗುವೊಂದು ಕರೆದರೆ ತಿರುಗಿ ನೋಡದೆ, ಸಂತೆಯ ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ಚೀರಿದರೆ, ಜನರು ಮೊದಲು ನೋಡುವದು ಮಗುವನ್ನಲ್ಲ, ತಾಯಿಯನ್ನು. ಅವಳ ಲಾಲನೆಯಲ್ಲಿ ಕುಂದು, ಇಲ್ಲವೆ ಪೂರ್ವಕರ್ಮ ಎಂದು ತೀರ್ಪು ಹೊರಡುವದು. ಇದು ಹಳ್ಳಿಯ ಅಜ್ಞಾನವೆಂದು ಓದಿದವರು ನಗಬೇಕಾಗಿಲ್ಲ. 1943ರಲ್ಲಿ ಅಮೇರಿಕೆಯ ವೈದ್ಯ ಲಿಯೋ ಕ್ಯಾನರನು ಆಟಿಸಂ ಎಂಬ ಈ ಸ್ಥಿತಿಯನ್ನು ವರ್ಣಿಸಿದ ಬಳಿಕ ಪಂಡಿತರೂ ಹಲವು ವರ್ಷ ತಾಯಿಯ ಮಮತೆಯ ಕೊರತೆಯನ್ನೇ ಕಾರಣವೆಂದರು. ಆ ಮತವು ಬಿದ್ದುಹೋಯಿತು. ಭೇದವಿರುವದು ಮೆದುಳಿನ ಬೆಳವಣಿಗೆಯಲ್ಲಿ.

ತಪ್ಪು ತಾಯಿಯದಲ್ಲವೆಂದ ಮೇಲೆ ಹೊಣೆಯು ಅವಳೊಬ್ಬಳದೇ ಆಗುವದು ನ್ಯಾಯವೆ? 2016ರ ಕಾನೂನು ಆಟಿಸಂ ಉಳ್ಳವರಿಗೂ ಅಂಗವಿಕಲರ ಹಕ್ಕುಗಳನ್ನು ಕೊಟ್ಟಿದೆ. ಆದರೆ ಮನೋವೈದ್ಯದ ದೊಡ್ಡ ಸಂಸ್ಥೆಗಳು ಇರುವದು ಧಾರವಾಡ, ಬೆಂಗಳೂರುಗಳಲ್ಲಿ. ವಾಕ್‌ಶ್ರವಣ ಸಂಸ್ಥೆಯು ಮೈಸೂರಿನಲ್ಲಿ. ನುಡಿ, ನಡೆವಳಿಕೆಗಳ ಶಿಕ್ಷಣವು ಒಮ್ಮೆ ಕುಡಿಸುವ ಔಷಧವಲ್ಲ; ವಾರವಾರವೂ, ವರ್ಷಗಟ್ಟಲೆ ನಡೆಯತಕ್ಕದ್ದು. ಸದ್ದಿಗೆ ಬೆದರುವ ಮಗುವನ್ನು ಬಸ್ಸಿನಲ್ಲಿ ಕೂಡಿಸಿಕೊಂಡು, ಕೂಲಿ ಬಿಟ್ಟು, ಎಷ್ಟು ಸಲ ಹೋದಾಳು?

ತಜ್ಞರನ್ನು ತಾಲೂಕಿಗೆ ತರುವದು ಸರಕಾರದ ಕೆಲಸ. ತಜ್ಞರು ಹೇಳಿಕೊಟ್ಟದ್ದನ್ನು ದಿನವೂ ನಡೆಯಿಸಲು ಶಾಲೆಯ ಗುರುಗಳೂ ನೆರೆಯವರೂ ತಾಯಿಯ ಜೊತೆಗೆ ನಿಲ್ಲಬೇಕು. ಅದು ದಯೆಯಲ್ಲ, ಋಣ. ತೀರ್ಪು ಕೊಡಲು ನೆರೆದ ಊರು ನೆರವಾಗಲೂ ನೆರೆಯಬಾರದೆ?