ಆರನೆಯ ಇರುಳಿನ ಜಾಗರಣೆ

ಹುಟ್ಟಿದ ಆರನೆಯ ಇರುಳಿನಲ್ಲಿ ಷಷ್ಠೀದೇವಿಯು ಬಾಣಂತಿಯ ಕೋಣೆಗೆ ಬಂದು ಶಿಶುವಿನ ಲಲಾಟದಲ್ಲಿ ಅದರ ಆಯುಸ್ಸನ್ನೂ ಭಾಗ್ಯವನ್ನೂ ಬರೆದು ಹೋಗುವಳೆಂಬ ನಂಬಿಕೆ ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದುದು. ಬರೆಯುವವಳು ಆಕೆಯೇ ಆದಮೇಲೆ ಮನೆಯವರು ನಿಶ್ಚಿಂತರಾಗಿ ಮಲಗಬಹುದಾಗಿದ್ದಿತು, ಆದರೆ ಅದೇ ಇರುಳು ದೀಪ ಆರಗೊಡದೆ ಜಾಗರಣೆ ಮಾಡಬೇಕೆಂದು ವಿಧಿಸಿದ ಹಿರಿಯರ ಮನಸ್ಸಿನಲ್ಲಿ ಏನಿದ್ದಿರಬಹುದೆಂದು ನಾನು ಎಷ್ಟೋ ಸಲ ಆಲೋಚಿಸಿದ್ದೇನೆ.

ಯಾವ ವ್ಯಾಧಿಯ ಸೂಚನೆಯೂ ಇಲ್ಲದೆ ನಿದ್ರೆಯಲ್ಲಿಯೇ ಉಸಿರು ನಿಂತುಹೋದ ಹಸುಗೂಸುಗಳನ್ನು ಕಂಡು ಲೋಕವು ಅದನ್ನು ವಿಧಿಯೆಂದು ಕರೆದು ಕಣ್ಣೊರಸಿಕೊಂಡಿತ್ತು. ಆದರೆ 1991ರಲ್ಲಿ ಬ್ರಿಟನ್ನಿನಲ್ಲಿಯೂ 1994ರಲ್ಲಿ ಅಮೆರಿಕದಲ್ಲಿಯೂ ಕೂಸನ್ನು ಬೋರಲಾಗಿ ಮಲಗಿಸದೆ ಅಂಗಾತ ಮಲಗಿಸಿರೆಂದು ಮನೆಮನೆಗೂ ಸಾರಲು, ಹತ್ತು ವರ್ಷ ತುಂಬುವಷ್ಟರಲ್ಲಿ ಅಂತಹ ಮರಣಗಳು ಸರಿಸುಮಾರು ಅರ್ಧಕ್ಕೋ ಅದಕ್ಕೂ ಕಡಮೆಗೋ ಇಳಿದುವು. ಹಾಗಾದರೆ ನಾವು ವಿಧಿಯೆಂದು ಕೈಮುಗಿದುದರಲ್ಲಿ ಒಂದು ದೊಡ್ಡ ಪಾಲು ನಮ್ಮ ಅಜ್ಞಾನವೇ ಆಗಿದ್ದಿತಲ್ಲವೆ? ಯೋಗವಾಸಿಷ್ಠದ ಮುಮುಕ್ಷುವ್ಯವಹಾರ ಪ್ರಕರಣದಲ್ಲಿ ವಸಿಷ್ಠರು ರಾಮನಿಗೆ ಪೌರುಷವನ್ನು ಬೋಧಿಸಿ, ದೈವವೆಂದು ಕೈಕಟ್ಟಿ ಕುಳಿತವರನ್ನು ನಿರ್ದಾಕ್ಷಿಣ್ಯವಾಗಿ ಖಂಡಿಸುತ್ತಾರೆ. ಆ ಮಾತು ತೊಟ್ಟಿಲಿನ ಬಳಿ ನಿಂತಾಗ ನನಗೆ ಹೆಚ್ಚು ಅರ್ಥವಾಯಿತು.

ಉಳಿದ ಪಾಲಿನ ಮುಂದೆ ತಲೆಬಾಗುತ್ತೇನೆ. ಎಲ್ಲ ಎಚ್ಚರಿಕೆಯನ್ನೂ ವಹಿಸಿ, ಆದರೂ ಕೂಸನ್ನು ಕಳೆದುಕೊಂಡ ತಾಯಿಗೆ ಪೂರ್ವಜನ್ಮದ ಕರ್ಮವೆಂದು ಹೇಳುವ ನಾಲಗೆಯನ್ನು ಮಾತ್ರ ನಾನು ಕ್ಷಮಿಸಲಾರೆ.

ತಲೆ ದುಂಡಗಾಗಲೆಂದು ಸಾಸಿವೆಯ ದಿಂಬನ್ನಿಡುವ, ಗಾಳಿ ತಾಗದಿರಲೆಂದು ಮೂಗಿನವರೆಗೆ ಕೌದಿ ಹೊದಿಸುವ, ಕೋಣೆಯ ತುಂಬ ಸಾಂಬ್ರಾಣಿಯ ಹೊಗೆಯೆಬ್ಬಿಸುವ ಕೈಗಳೆಲ್ಲ ವಾತ್ಸಲ್ಯದ ಕೈಗಳೇ. ಆ ವಾತ್ಸಲ್ಯಕ್ಕೆ ಶಿಶುವಿನ ಉಸಿರಿನ ಹಾದಿ ಎಷ್ಟು ಕಿರಿದೆಂಬ ಅರಿವು ಕೂಡಿರಲಿಲ್ಲ, ಅಷ್ಟೆ. ಸೀರೆಯ ಜೋಲಿಯಲ್ಲಿ ಮೈ ಬಾಗಿ ಗದ್ದವು ಎದೆಗೊತ್ತಿದರೂ ಆ ಹಾದಿ ಮುಚ್ಚೀತು. ಕೂಸಿಗೆ ಬೇಕಾದುದು ಸಮತಟ್ಟಾದ ಗಟ್ಟಿ ಹಾಸಿಗೆ, ದಿಂಬಿಲ್ಲದ ತಲೆ, ಹೊಗೆಯಿಲ್ಲದ ಗಾಳಿ, ತಾಯಿ ಮಲಗುವ ಕೋಣೆಯಲ್ಲಿಯೇ ಅದಕ್ಕೊಂದು ಪ್ರತ್ಯೇಕ ಶಯನಸ್ಥಾನ. ಹಗಲಿರುಳು ಸೇರಿ ಹದಿನಾಲ್ಕರಿಂದ ಹದಿನೇಳು ಗಂಟೆ ಮಲಗುವ ಆ ಜೀವವು ಹಾಲಿಗಾಗಿ ಮತ್ತೆ ಮತ್ತೆ ಏಳುವುದು ಅದರ ಸಹಜಧರ್ಮವಾದುದರಿಂದ, ನಿದ್ರೆ ಕೆಟ್ಟಿತೆಂದು ತಾಯಿ ತನ್ನನ್ನು ಹಳಿದುಕೊಳ್ಳಬೇಕಾದುದಿಲ್ಲ.

ನನ್ನ ಮೊಮ್ಮಗಳ ಆರನೆಯ ಇರುಳು ಈ ಮಾತುಗಳನ್ನೆಲ್ಲ ನಮ್ಮ ತಾಯಿಯವರಿಗೆ ಹೇಳಲು ಅಂಜುತ್ತಲೇ ಹೇಳಿದೆನು. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ತಾವೇ ಹೊಲಿದ ದಿಂಬಿನ ದಾರ ಬಿಚ್ಚಿ, ಸಾಸಿವೆಯನ್ನು ಅಡುಗೆಮನೆಯ ಡಬ್ಬಿಗೆ ಸುರಿದುಬಂದು, ದೇವಿಯ ದೀಪಕ್ಕೆ ಎಣ್ಣೆಯೆರೆದು, ಎರಡು ಮುಷ್ಟಿಗಳನ್ನೂ ಕಿವಿಯ ಪಕ್ಕಕ್ಕೆತ್ತಿ ಅಂಗಾತ ಮಲಗಿದ್ದ ಕೂಸಿನ ಹೊಟ್ಟೆಯ ಏರಿಳಿತವನ್ನು ನೋಡುತ್ತ ಬೆಳಗಾಗುವವರೆಗೂ ಕುಳಿತಿದ್ದರು.