ನೀನೇ ಒಂದು ರೇಟು ಹೇಳಪ್ಪ

ನನ್ನ ನಾಣ್ಯದ ಆಲ್ಬಮ್ಮಿನ ಏಳನೇ ಪುಟವನ್ನು ನಾನು ಯಾರಿಗೂ ತೋರಿಸುವುದಿಲ್ಲ. ಅಲ್ಲಿರುವುದು ಕದ್ದ ಮಾಲಲ್ಲ. ದುಡ್ಡು ಕೊಟ್ಟೇ ಕೊಂಡಿದ್ದು, ಅದೂ ಅಕ್ಕಸಾಲಿಗ ಕೊಡುತ್ತೇನೆ ಅಂದಿದ್ದಕ್ಕಿಂತ ಜಾಸ್ತಿ ಕೊಟ್ಟು. ಆದರೂ ಯಾರಾದರೂ ಪಕ್ಕದಲ್ಲಿ ಕೂತು ನೋಡುತ್ತಿದ್ದರೆ, ಆ ಪುಟ ಬಂದಾಗ ಎರಡು ಹಾಳೆ ಒಟ್ಟಿಗೇ ಮಗುಚಿಬಿಡುತ್ತೇನೆ. ಯಾಕೆ ಅಂತ ನನಗೆ ನಾನೇ ಸ್ಪಷ್ಟ ಮಾಡಿಕೊಳ್ಳೋಣ ಅಂತ ಈ ಬರಹ.

ಈ ಹುಚ್ಚು ಶುರುವಾಗಿದ್ದು ಇಂಜಿನಿಯರಿಂಗ್ ಓದುವಾಗ. ಬಸ್ ಕಂಡಕ್ಟರ್ ಕೊಟ್ಟ ಚಿಲ್ಲರೆಯಲ್ಲಿ ಬಸವಣ್ಣನವರ ಚಿತ್ರವಿದ್ದ ಐದು ರೂಪಾಯಿ ನಾಣ್ಯ ಬಂತು, 2006ರದ್ದು. ಖರ್ಚು ಮಾಡೋಕೆ ಮನಸ್ಸಾಗದೆ ಪರ್ಸಿನ ಒಳಜೇಬಿಗೆ ಸೇರಿಸಿದೆ. ಆಮೇಲೆ ಒಂದೊಂದೇ ತಿಳಿಯುತ್ತಾ ಹೋಯಿತು. ಸ್ವತಂತ್ರ ಭಾರತದ ಮೊದಲ ಸ್ಮರಣಾರ್ಥ ನಾಣ್ಯ 1964ರದ್ದು, ನೆಹರೂ ತೀರಿಕೊಂಡ ಮೇಲೆ ಬಂದಿದ್ದು. ಗಾಂಧೀಜಿ ಹುಟ್ಟಿ ನೂರು ವರ್ಷವಾದಾಗ, 1969ರಲ್ಲಿ, ಹತ್ತು ರೂಪಾಯಿಯ ಬೆಳ್ಳಿ ನಾಣ್ಯವನ್ನೇ ತಂದಿದ್ದರು. 15 ಗ್ರಾಂ ತೂಕ, ಅದರಲ್ಲಿ ಶೇ. 80ರಷ್ಟು ಬೆಳ್ಳಿ. ಇಸವಿಯ ಕೆಳಗೆ ಪುಟ್ಟ ವಜ್ರದ ಗುರುತಿದ್ದರೆ ಅದು ಮುಂಬೈ ಟಂಕಸಾಲೆಯದ್ದು, ನಕ್ಷತ್ರವಿದ್ದರೆ ಹೈದರಾಬಾದ್, ಚುಕ್ಕಿ ಇದ್ದರೆ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ಇಷ್ಟು ಗೊತ್ತಾದ ಮೇಲೆ ಚಿಲ್ಲರೆಯನ್ನು ಎಣಿಸದೆ ಓದುವ ಚಟ ಹತ್ತಿತು.

ಈಗ ಏಳನೇ ಪುಟದ ಕಥೆ. 2019ರ ಜೂನ್‌ನಲ್ಲಿ ಊರಿಗೆ ಹೋಗಿದ್ದೆ. ಮೂಲೆಮನೆ ಚಿಕ್ಕಮ್ಮ ಬಂದರು. ರಕ್ತಸಂಬಂಧವೇನಿಲ್ಲ, ಊರಲ್ಲಿ ಎಲ್ಲರೂ ಏನೋ ಒಂದು ಆಗಬೇಕಲ್ಲ, ಹಾಗೆ ಚಿಕ್ಕಮ್ಮ. ಸೆರಗಿನಲ್ಲಿ ಒಂದು ಬಟ್ಟೆಗಂಟು. ಬಿಚ್ಚಿದರೆ ಆರು ಬೆಳ್ಳಿ ರೂಪಾಯಿ, ಬ್ರಿಟಿಷರ ಕಾಲದವು, ಮೇಲೆಲ್ಲ ಒಣಗಿದ ಕುಂಕುಮ. ಅತ್ತೆ ಕಾಲದಿಂದ ಲಕ್ಷ್ಮೀಪೂಜೆಗೆ ಇಡುತ್ತಿದ್ದವಂತೆ. ಮಗನನ್ನು ಡಿಪ್ಲೊಮಾಕ್ಕೆ ಸೇರಿಸಬೇಕಿತ್ತು, ಫೀಸಿಗೆ ಸಾಲುತ್ತಿರಲಿಲ್ಲ. ಅಕ್ಕಸಾಲಿಗ ಒಂದಕ್ಕೆ ನಾನೂರು ಕೊಡುತ್ತೇನೆ ಅಂದಿದ್ದನಂತೆ.

"ನೀನು ಇಂಥವನ್ನೆಲ್ಲ ಸೇರಿಸ್ತೀಯಂತೆ, ನಿಮ್ಮಮ್ಮ ಹೇಳಿದ್ರು. ನೀನೇ ಒಂದು ರೇಟು ಹೇಳಪ್ಪ. ಓದಿದೋನು. ನಂಗೇನ್ ಗೊತ್ತಾಗುತ್ತೆ."

ಐದು ನಾಣ್ಯ ಮಾಮೂಲಿಯವು, 1917, 1918ರ ಆಸುಪಾಸಿನವು. ಆರನೆಯದು 1911ರದ್ದು. ನಾಣ್ಯ ಸಂಗ್ರಹಿಸುವವರು ಅದಕ್ಕೆ 'ಹಂದಿ ರೂಪಾಯಿ' ಅಂತಾರೆ. ಐದನೇ ಜಾರ್ಜ್ ದೊರೆಯ ನಿಲುವಂಗಿಯ ಮೇಲೆ ಒಂದು ಪುಟ್ಟ ಆನೆ ಇದೆ. ಆ ವರ್ಷದ ನಾಣ್ಯದಲ್ಲಿ ಅದರ ಸೊಂಡಿಲು ಎಷ್ಟು ಮೊಟುಕಾಗಿತ್ತೆಂದರೆ ಜನಕ್ಕೆ ಹಂದಿಯಂತೆ ಕಂಡಿತು. ಗಲಾಟೆಯಾಯಿತು. ಸರ್ಕಾರ ನಾಣ್ಯ ಹಂಚುವುದನ್ನು ನಿಲ್ಲಿಸಿ, ಉಳಿದದ್ದನ್ನು ಕರಗಿಸಿ, ಮರುವರ್ಷದಿಂದ ಸೊಂಡಿಲು ತಿದ್ದಿದ ಅಚ್ಚು ಬಳಸಿತು. ಹಾಗಾಗಿ 1911ರದ್ದು ಅಪರೂಪ. ಆ ಸ್ಥಿತಿಯ ನಾಣ್ಯವನ್ನು ಬೆಂಗಳೂರಿನ ಒಂದು ಪ್ರದರ್ಶನದಲ್ಲಿ ಐದಾರು ಸಾವಿರಕ್ಕೆ ಮಾರಿದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

ಇಸವಿ ಕಂಡ ಕ್ಷಣದಲ್ಲೇ ನನಗೆ ಗೊತ್ತಾಗಿತ್ತು. ಮುಖದ ಮೇಲೆ ಏನೂ ತೋರಿಸಲಿಲ್ಲ. "ಆರೂ ಸೇರಿಸಿ ಒಂದಕ್ಕೆ ಆರುನೂರರಂತೆ ಕೊಡ್ತೀನಿ ಚಿಕ್ಕಮ್ಮ" ಅಂದೆ. ಮೂರು ಸಾವಿರದ ಆರುನೂರು. ಅವರು ಕೈ ಮುಗಿದರು. ಕೈ ಮುಗಿದಿದ್ದು ಈಗಲೂ ನೆನಪಿದೆ.

ವಾಪಸ್ ಬಸ್ಸಲ್ಲಿ ಬರುವಾಗ ನನ್ನ ಪರ ನಾನೇ ವಾದ ಮಂಡಿಸಿದೆ. ಅಕ್ಕಸಾಲಿಗನಿಗಿಂತ ಇನ್ನೂರು ಜಾಸ್ತಿ ಕೊಟ್ಟಿದ್ದೀನಿ. ನಾನಿಲ್ಲದಿದ್ದರೆ ಆ ನಾಣ್ಯ ಇಷ್ಟೊತ್ತಿಗೆ ಕರಗಿ ಯಾರದೋ ಕಾಲುಂಗುರ ಆಗಿರುತ್ತಿತ್ತು. ಹನ್ನೆರಡು ವರ್ಷ ಪುಸ್ತಕ ಓದಿ, ಪ್ರದರ್ಶನ ಸುತ್ತಿ ಕಲಿತಿದ್ದಕ್ಕೆ ಒಂದು ಬೆಲೆ ಬೇಡವಾ? ಡಾಕ್ಟರು, ವಕೀಲರು, ನಾವು ಸಾಫ್ಟ್‌ವೇರಿನವರು, ಎಲ್ಲರೂ ತಿಂತಿರೋದು ಗೊತ್ತಿರೋದರ ಅನ್ನವನ್ನೇ ಅಲ್ಲವಾ?

ವಾದ ಕೆಟ್ಟದ್ದೇನಲ್ಲ. ಬೇರೆ ಕಡೆ ಅದು ನಿಲ್ಲುತ್ತದೆ ಕೂಡ. ಪ್ರದರ್ಶನದಲ್ಲಿ ಮೇಜು ಹಾಕಿ ಕೂತ ವ್ಯಾಪಾರಿ ತನ್ನದೇ ಡಬ್ಬಿಯಲ್ಲಿ ಒಂದು ಅಪರೂಪದ್ದನ್ನು ಗಮನಿಸದೆ ಬಿಟ್ಟಿದ್ದರೆ, ನಾನು ಬಾಯಿ ಮುಚ್ಚಿಕೊಂಡು ಕೊಳ್ಳುತ್ತೇನೆ. ನನಗೆ ಅದರಲ್ಲಿ ಪಾಪವೇನೂ ಕಾಣುವುದಿಲ್ಲ. ನಾಣ್ಯ ಅವನ ಕಸುಬು. ನಾಳೆ ಅವನು ನನಗೆ ಇನ್ನೊಂದನ್ನು ಜಾಸ್ತಿ ಬೆಲೆಗೆ ತಗುಲಿಸುತ್ತಾನೆ. ಇಬ್ಬರಿಗೂ ಆಟದ ನಿಯಮ ಗೊತ್ತು.

ಇನ್ನೂ ಒಳ್ಳೆ ಉದಾಹರಣೆ ಟಂಕಸಾಲೆಯದ್ದೇ. 2023ರಲ್ಲಿ ಹೊಸ ಸಂಸತ್ ಭವನದ ನೆನಪಿಗೆ 75 ರೂಪಾಯಿ ನಾಣ್ಯ ಬಂತು. 44 ಮಿಲಿಮೀಟರ್ ಅಗಲ, 35 ಗ್ರಾಂ ತೂಕ, ಶೇ. 50 ಬೆಳ್ಳಿ, 40 ತಾಮ್ರ, ನಿಕ್ಕಲ್ ಮತ್ತು ಸತು ಐದೈದು. ಇಷ್ಟನ್ನೂ ಸರ್ಕಾರ ಗೆಜೆಟ್‌ನಲ್ಲೇ ಹಾಕುತ್ತದೆ. ಇಂಥ ನಾಣ್ಯಗಳನ್ನು ಟಂಕಸಾಲೆ ಮಾರುವುದು ಮುಖಬೆಲೆಯ ಎಷ್ಟೋ ಪಟ್ಟಿಗೆ. ಯಾರಿಗೂ ಮೋಸವಾಗಿಲ್ಲ. ಒಳಗೆ ಏನಿದೆ, ಎಷ್ಟಿದೆ ಅಂತ ಹೇಳಿಯೇ ಬೆಲೆ ಹೇಳಿದ್ದಾರೆ. ಬೇಕಾದವನು ಕೊಳ್ಳುತ್ತಾನೆ.

ಚಿಕ್ಕಮ್ಮ ಹಾಗೆ ಬಂದಿರಲಿಲ್ಲ. ಅವರು ಚೌಕಾಸಿಗೆ ಬಂದಿರಲಿಲ್ಲ. "ನೀನೇ ಹೇಳಪ್ಪ" ಅಂದಾಗ ಅವರು ತಮ್ಮ ಕೈಲಿದ್ದ ತಕ್ಕಡಿಯನ್ನೂ ನನ್ನ ಕೈಗೇ ಕೊಟ್ಟಿದ್ದರು. ಆ ಮಾತು ಕಿವಿಗೆ ಬಿದ್ದಮೇಲೆ ನಾನು ಬರೀ ಕೊಳ್ಳುವವನಲ್ಲ, ಬೆಲೆ ಕಟ್ಟುವವನೂ ಹೌದು. ಕೊಳ್ಳುವವನು ಸುಮ್ಮನಿರಬಹುದೇನೋ. ಬೆಲೆ ಕಟ್ಟುವವನು ಸುಮ್ಮನಿದ್ದರೆ ಅದು ಸುಳ್ಳೇ.

ಇದು ಯಾಕೆ ನನ್ನನ್ನು ಇಷ್ಟು ಕಾಡಿತು ಅಂದರೆ, ನಾಣ್ಯ ಅನ್ನೋದು ಹುಟ್ಟಿದ ಕಾರಣವೇ ಇದಕ್ಕೆ ತದ್ವಿರುದ್ಧ. ಬರೀ ಬೆಳ್ಳಿ ತುಂಡಿನಲ್ಲಿ ವ್ಯಾಪಾರ ಮಾಡುವಾಗ ಪ್ರತಿ ಸಲ ತೂಗಬೇಕು, ಒರೆಗೆ ಹಚ್ಚಬೇಕು. ತೂಗಲು ಬಾರದವಳು ಚಿನಿವಾರನ ಮಾತನ್ನೇ ನಂಬಬೇಕು. ಟಂಕಸಾಲೆ ಆ ತುಂಡಿನ ಮೇಲೆ ಅಚ್ಚೊತ್ತಿ, ತೂಕ ಇಷ್ಟು, ಬೆಳ್ಳಿ ಇಷ್ಟು, ಇದಕ್ಕೆ ನಾನು ಹೊಣೆ ಅಂತು. ಚಿಕ್ಕಮ್ಮನ ಒಂದೊಂದು ರೂಪಾಯಿಯೂ ಹಾಗೇ: ಒಂದು ತೊಲ ತೂಕ, ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಅಂಚಿನಲ್ಲಿರುವ ಗೀರುಗಳೂ ಅಂದಕ್ಕಾಗಿ ಹುಟ್ಟಿದ್ದಲ್ಲ. ಯಾರಾದರೂ ಅಂಚು ಕೆರೆದು ಬೆಳ್ಳಿ ಕದ್ದರೆ ಓದುಬರಹ ಬಾರದವರಿಗೂ ಬೆರಳಿಗೆ ತಿಳಿಯಲಿ ಅಂತ. ಗೊತ್ತಿಲ್ಲದವರು ಗೊತ್ತಿರುವವರ ಕೈಲಿ ಮೋಸಹೋಗದಿರಲಿ ಅಂತ ಮಾಡಿದ ವಸ್ತು ಅದು. ನಾನು ಅದೇ ನಾಣ್ಯವನ್ನು ಹಿಡಿದು, ಅದರ ಮೇಲಿನ ಪುಟ್ಟ ಆನೆಯ ಸೊಂಡಿಲು ನೋಡಿ, ಮತ್ತೆ ಚಿನಿವಾರನ ಜಾಗದಲ್ಲಿ ಕೂತುಬಿಟ್ಟೆ.

ನಿಮಗೂ ಆಗಿರುತ್ತೆ. ಕೆಲಸಕ್ಕೆ ಸೇರಿದ ಆರು ತಿಂಗಳಿಗೆ, ಅಷ್ಟೇ ಅನುಭವದ ಪಕ್ಕದ ಸೀಟಿನವನ ಸಂಬಳ ಗೊತ್ತಾಗುತ್ತೆ. ಕೇಳಿದರೆ, "ನೀವೇ ಒಪ್ಪಿ ಸಹಿ ಮಾಡಿದ್ದಲ್ವಾ" ಅಂತಾರೆ. ಹೌದು, ಒಪ್ಪಿದ್ದೆ. ಆದರೂ ಹೊಟ್ಟೆ ಉರಿಯುತ್ತೆ. ಎದುರಿಗಿದ್ದವರಿಗೆ ಎಲ್ಲಾ ಅಂಕಿ ಗೊತ್ತಿತ್ತು, ನಮಗೆ ಗೊತ್ತಿರಲಿಲ್ಲ, ಮತ್ತು ನಮಗೆ ಗೊತ್ತಿಲ್ಲ ಅನ್ನೋದೂ ಅವರಿಗೆ ಗೊತ್ತಿತ್ತು. ಒಪ್ಪಿಗೆ ಇದ್ದ ಮಾತ್ರಕ್ಕೆ ನ್ಯಾಯ ಇರಬೇಕಿಲ್ಲ ಅಂತ ನಾನು ಮೊದಲು ಕಲಿತಿದ್ದು ಆ ಕುರ್ಚಿಯಲ್ಲಿ. ಊರಿನ ಜಗಲಿಯಲ್ಲಿ ಅದು ನೆನಪಾಗಲಿಲ್ಲ.

ಕಳೆದ ಯುಗಾದಿಗೆ ಹೋದಾಗ ಚಿಕ್ಕಮ್ಮನ ಮನೆಗೆ ಹೋಗಿ ಎಲ್ಲಾ ಹೇಳಿದೆ. ಐದೂವರೆ ಸಾವಿರದಲ್ಲಿ ಆವತ್ತು ಕೊಟ್ಟ ಆರುನೂರು ಕಳೆದು, ನಾಲ್ಕು ಸಾವಿರದ ಒಂಬೈನೂರು ಮುಂದಿಟ್ಟೆ. ನಾಣ್ಯ ಬೇಕಾದರೆ ಅದನ್ನೇ ವಾಪಸ್ ತಂದುಕೊಡುತ್ತೇನೆ ಅಂದೆ. ಬೈತಾರೆ ಅಂದುಕೊಂಡಿದ್ದೆ, ಇಲ್ಲವೇ "ಅಯ್ಯೋ ಬಿಡಪ್ಪ, ದುಡ್ಡೇನು ಮಹಾ" ಅಂತ ಕ್ಷಮಿಸುತ್ತಾರೆ ಅಂತ. ಎರಡೂ ಆಗಲಿಲ್ಲ. ದುಡ್ಡು ಎಣಿಸಿ, ದೇವರ ಮುಂದಿಟ್ಟು ಬಂದರು. ನಾಣ್ಯ ಬೇಡ ಅಂದರು. "ಅದೇನು ಹಂದಿ, ತೋರ್ಸು" ಅಂದರು. ಫೋನಿನಲ್ಲಿ ಫೋಟೋ ದೊಡ್ಡದು ಮಾಡಿ ತೋರಿಸಿದೆ. ತುಂಬ ಹೊತ್ತು ನೋಡಿದರು.

"ಆನೆ ಥರಾನೇ ಇದೆಯಲ್ಲೋ" ಅಂದರು.

ಆಮೇಲೆ ಕಾಫಿ ಕೊಡುತ್ತಾ, ಯಾವುದೋ ಬೇರೆ ಮಾತಿನ ನಡುವೆ, "ಆಗ್ಲೇ ಇದ್ದಿದ್ರೆ ಸಾಲ ತರೋದು ತಪ್ತಿತ್ತು" ಅಂದರು. ಆ ವರ್ಷ ಫೀಸಿಗೆ ಕಡಿಮೆ ಬಿದ್ದ ಐದು ಸಾವಿರವನ್ನು ಮೂರು ರೂಪಾಯಿ ಬಡ್ಡಿಗೆ ತಂದಿದ್ದರಂತೆ. ತೀರಿಸೋಕೆ ಹದಿನಾಲ್ಕು ತಿಂಗಳಾಯಿತಂತೆ. ದೂರುವ ದನಿಯಲ್ಲಿ ಹೇಳಲಿಲ್ಲ, ಆ ವರ್ಷ ಮಳೆ ಬರಲಿಲ್ಲ ಅನ್ನುವ ಹಾಗೆ ಹೇಳಿದರು.

ತಿಂಗಳಿಗೆ ನೂರೈವತ್ತು, ಹದಿನಾಲ್ಕು ತಿಂಗಳಿಗೆ 2,100. ಕಾಫಿ ಮುಗಿಯುವುದರೊಳಗೆ ಲೆಕ್ಕ ಹಾಕಿದ್ದೆ. ಜೇಬಿನಲ್ಲಿ ದುಡ್ಡೂ ಇತ್ತು. ಆದರೆ ಆಗ ಕೊಟ್ಟರೆ ಅವರಿಗೆ ಅದು ದಾನದಂತೆ ಕಂಡೀತು ಅನ್ನಿಸಿ ಸುಮ್ಮನೆ ಎದ್ದುಬಂದೆ. ಅದು ನಿಜವಾದ ಕಾರಣವೋ, ಅಥವಾ ಮತ್ತೊಂದು ಸಲ ಸುಮ್ಮನಿರಲು ಸಿಕ್ಕ ನೆಪವೋ, ಈಗಲೂ ಬಗೆಹರಿದಿಲ್ಲ.

ಒಂದು ಪದ್ಧತಿ ಮಾತ್ರ ಮಾಡಿಕೊಂಡಿದ್ದೀನಿ. ಯಾರಾದರೂ "ನೀನೇ ಹೇಳು" ಅಂದರೆ, ಮೊದಲು ಗೊತ್ತಿರೋದೆಲ್ಲ ಹೇಳ್ತೀನಿ, ಆಮೇಲೆ ಕೊಳ್ಳೋ ಮಾತು. ಇದರಿಂದ ಎರಡು ಒಳ್ಳೆ ನಾಣ್ಯ ಕೈತಪ್ಪಿವೆ. ಏಳನೇ ಪುಟವನ್ನು ಇನ್ನೂ ಯಾರಿಗೂ ತೋರಿಸಿಲ್ಲ. ಮುಂದಿನ ಸಲ ಊರಿಗೆ ಹೋಗುವಾಗ 2,100 ರೂಪಾಯಿ ತಗೊಂಡು ಹೋಗಬೇಕು.